ಮೊದಲ ಸಲ ಡಾಕ್ಟರ್ ಹತ್ತಿರ ಹೋದರೆ ಏನೇನು ಕೇಳುತ್ತಾರೆ? ಕಲಬುರಗಿ ಕಡೆಯವರು ಹೇಳಿ

ಚಿತ್ತಾಪುರ ಸೊಸೆ:

ಅಕ್ಕಂದಿರೇ, ನಮಸ್ಕಾರ. ಡೇಟ್ ತಪ್ಪಿ ವಾರದ ಮೇಲಾಯಿತು. ಬೆಳಗ್ಗೆ ಎದ್ದ ಕೂಡಲೇ ಕಿಟ್‌ನಲ್ಲಿ ನೋಡಿದೆ, ಎರಡು ಗೆರೆ ಬಂತು. ಎರಡನೇದು ಮಾಸಲು ಮಾಸಲು. ಆದರೂ ಗೆರೆ ಗೆರೆಯೇ ಅಲ್ವಾ? ಮನೆಯಲ್ಲಿ ಹೇಳಿದ್ದೇನೆ. ನಮ್ಮತ್ತೆ ಬಾಯಿಗೆ ಸಕ್ಕರೆ ಹಾಕಿದರು. ಹಾಕಿದ ಮೇಲೆ, ಮೂರು ತಿಂಗಳು ತುಂಬುವ ತನಕ ಯಾರ ಮುಂದೂ ಬಾಯಿ ಬಿಡಬೇಡ, ದವಾಖಾನೆಗೂ ಈಗಲೇ ಬೇಡ, ಬಸ್ಸಿನಲ್ಲಿ ಕುಲುಕಾಡಬಾರದು, ಕಣ್ಣೂ ಬೀಳುತ್ತದೆ ಅಂದರು. ಅವರು ನಮ್ಮಪ್ಪನ ಖಾಸಾ ಅಕ್ಕ. ನಾನು ಸೋದರತ್ತೆಯ ಮಗನನ್ನೇ ಮಾಡಿಕೊಂಡವಳು. ಹಾಗಾಗಿ ಎದುರು ಮಾತಾಡಲು ಬಾಯಿ ಬರುವುದಿಲ್ಲ.

ನಾನು ಕೇಳುವುದು ಇಷ್ಟೇ. ಈಗಲೇ ಹೋಗಬೇಕಾ, ತಡೆದರೂ ನಡೆಯುತ್ತಾ? ಹೋದರೆ ಒಳಗೆ ಏನು ಮಾಡುತ್ತಾರೆ? ಸ್ಕ್ಯಾನ್ ಅವತ್ತೇ ಆಗುತ್ತಾ? ಸಂಬಂಧದಲ್ಲಿ ಮದುವೆ ಅಂದರೆ ಡಾಕ್ಟರ್ ಬೈಯುತ್ತಾರೆ ಅಂತ ಗೆಳತಿ ಬೇರೆ ಹೆದರಿಸಿದ್ದಾಳೆ. ಮೊದಲ ಸಲ, ಏನೂ ಗೊತ್ತಿಲ್ಲ.

ಬೀದರ್ ಬಾಯಿಬಡುಕಿ:

ಅಭಿನಂದನೆ ತಂಗಿ! ಮಾಸಲು ಗೆರೆಯೂ ಗೆರೆಯೇ. ಅನುಮಾನ ಇದ್ದರೆ ಎರಡು ಮೂರು ದಿನ ಬಿಟ್ಟು ಬೆಳಗಿನ ಮೊದಲ ಮೂತ್ರದಲ್ಲಿ ಇನ್ನೊಂದು ಸಲ ನೋಡು. ಮೆಡಿಕಲ್‌ಗೆ ಹೋಗಲು ನಾಚಿಕೆಯಾದರೆ ನಿಮ್ಮೂರಿನ ಆಶಾ ಕಾರ್ಯಕರ್ತೆ ಹತ್ತಿರ ಕಿಟ್ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಉಳಿದದ್ದು ತಿಳಿದವರು ಹೇಳುತ್ತಾರೆ, ನಾನು ಸುಮ್ನೆ ಕೂರುತ್ತೇನೆ.

ಸಿಸ್ಟರ್ ಅಕ್ಕ:

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಬಸುರಿಯರ ಒಪಿಡಿಯಲ್ಲಿ ದಿನಾ ನೋಡುವುದನ್ನೇ ಹೇಳುತ್ತೇನೆ. ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಮೊದಲು ತಡೆಯುವ ಮಾತು ಬಿಡು ತಂಗಿ. 12 ವಾರದೊಳಗೆ ಹೆಸರು ಬರೆಸಬೇಕು ಅಂತ ಆರೋಗ್ಯ ಇಲಾಖೆಯೇ ಹೇಳುತ್ತದೆ. ಮೂರು ತಿಂಗಳು ತುಂಬಿಸಿಕೊಂಡು ಬಂದರೆ ಆ ಗಡುವು ಆಗಲೇ ದಾಟಿರುತ್ತದೆ. ಮಗುವಿನ ಮೆದುಳು, ಬೆನ್ನುಹುರಿ ರೂಪ ತಳೆಯಲು ಶುರುವಾಗುವುದು ಮೊದಲ ಕೆಲವು ವಾರಗಳಲ್ಲೇ. ಫೋಲಿಕ್ ಆಸಿಡ್ ಗುಳಿಗೆ ಬೇಕಾಗುವುದು ಆಗಲೇ. ಊರ ಮಂದಿಗೆ ಹೇಳಬೇಡ ಅಂದರೆ ಹೇಳಬೇಡ, ಅದು ನಿಮ್ಮ ಮನೆಯ ಪದ್ಧತಿ. ಡಾಕ್ಟರ್ ಊರ ಮಂದಿ ಅಲ್ಲವಲ್ಲ. ಇನ್ನು ಬಸ್ಸು. ಬಸ್ಸಿನ ಕುಲುಕಾಟಕ್ಕೆ ಗರ್ಭ ಬೀಳುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ನಿಲ್ಲದೆ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್‌ನಲ್ಲೇ ಇರುವ ದೋಷ. ಅದಕ್ಕೆ ಹೆಣ್ಣುಮಗಳು ಹತ್ತಿದ ಬಸ್ಸು, ಎತ್ತಿದ ಕೊಡ ಕಾರಣ ಅಲ್ಲ. ಇದನ್ನು ನಿಮ್ಮ ಅತ್ತೆಗೂ ಓದಿ ಹೇಳು.

ಒಳಗೆ ಏನು ಮಾಡುತ್ತಾರೆ ಅಂದರೆ, ಮೊದಲ ಭೇಟಿಯಲ್ಲಿ ಮುಕ್ಕಾಲು ಪಾಲು ಮಾತೇ. ಎಲ್ಲರೂ ಸ್ಕ್ಯಾನ್ ಸ್ಕ್ಯಾನ್ ಅಂತಾರೆ. ಆದರೆ ನೀನು ಬಾಯಿಬಿಟ್ಟು ಹೇಳುವ ಸುದ್ದಿ ಸ್ಕ್ಯಾನ್‌ಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಮೊದಲ ಪ್ರಶ್ನೆಯೇ, ಕೊನೆಯ ಮುಟ್ಟು ಯಾವ ತಾರೀಕಿಗೆ ಶುರುವಾಯಿತು? ಮುಗಿದ ತಾರೀಕು ಅಲ್ಲ, ಶುರುವಾದದ್ದು. ಕ್ಯಾಲೆಂಡರ್ ನೋಡಿ ಚೀಟಿಯಲ್ಲಿ ಬರೆದುಕೊಂಡು ಬಾ. ನಮ್ಮಲ್ಲಿ ಬರುವವರಲ್ಲಿ ಎಷ್ಟೋ ಜನ ಅಮಾವಾಸ್ಯೆ ಆಜುಬಾಜು ಅಂತಲೋ, ಶರಣಬಸವೇಶ್ವರ ಜಾತ್ರೆ ಆದ ಮೇಲೆ ಅಂತಲೋ ಹೇಳುತ್ತಾರೆ. ಆಮೇಲೆ ನಾವು ಕ್ಯಾಲೆಂಡರ್ ಗೋಡೆಯಿಂದ ತೆಗೆದು ಹಾಳೆ ತಿರುವುತ್ತಾ ಕೂರಬೇಕು, ಹೊರಗೆ ಪಾಳಿ ಬೆಳೆಯುತ್ತಿರುತ್ತದೆ. ಆ ತಾರೀಕಿಗೆ 9 ತಿಂಗಳು 7 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಜನವರಿ 10 ಅಂದರೆ ಅಕ್ಟೋಬರ್ 17. ವಾರ ಎಣಿಸುವುದೂ ಅದೇ ತಾರೀಕಿನಿಂದ. ಹೊಸದಾಗಿ ಮದುವೆಯಾದವರ ಮನೆಯಲ್ಲಿ ಇದರಿಂದಲೇ ಗುಸುಗುಸು ಆಗುತ್ತದೆ. ಮದುವೆಯಾಗಿ ನಾಲ್ಕೇ ವಾರ, ಡಾಕ್ಟರ್ ಆರು ವಾರ ಅಂತಾರಲ್ಲ ಅಂತ. ಲೆಕ್ಕ ಹಿಡಿಯುವುದೇ ಹಾಗೆ, ಗರ್ಭ ನಿಲ್ಲುವುದಕ್ಕಿಂತ ಸುಮಾರು ಎರಡು ವಾರ ಹಿಂದಿನಿಂದ. ಗಾಬರಿ ಬೇಡ.

ಆಮೇಲೆ ಕೇಳುವುದು, ಮುಟ್ಟು ತಿಂಗಳು ತಿಂಗಳು ಸರಿಯಾಗಿ ಬರುತ್ತಿತ್ತಾ? ಮೊದಲು ಗರ್ಭ ನಿಂತಿತ್ತಾ, ಹೋಗಿತ್ತಾ? ಬಿಪಿ, ಸಕ್ಕರೆ, ಥೈರಾಯ್ಡ್, ಫಿಟ್ಸ್, ದಮ್ಮು, ಹೃದಯದ ತೊಂದರೆ, ಟಿಬಿ ಏನಾದರೂ? ಆಪರೇಷನ್ ಆಗಿದೆಯಾ, ರಕ್ತ ಹಾಕಿಸಿಕೊಂಡಿದ್ದೀಯಾ? ತವರು ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗಾದರೂ ಅವಳಿ ಮಕ್ಕಳು? ಈಗ ಯಾವ ಗುಳಿಗೆ ನುಂಗುತ್ತಿದ್ದೀಯಾ? ಗುಳಿಗೆಯ ಹೆಸರು ನೆನಪಿರುವುದಿಲ್ಲ, ಗುಳಿಗೆಯ ಸ್ಟ್ರಿಪ್ಪನ್ನೇ ಚೀಲದಲ್ಲಿ ಹಾಕಿಕೊಂಡು ಬಾ. ಮೊಡವೆಗೆ ಕೊಟ್ಟ ಗುಳಿಗೆ, ಊರ ನಾಟಿ ಔಷಧಿ, ಮೈಕೈ ನೋವಿಗೆ ಮೆಡಿಕಲ್‌ನಲ್ಲಿ ಕೇಳಿ ತಂದದ್ದು, ಎಲ್ಲ. ಫಿಟ್ಸ್, ಥೈರಾಯ್ಡ್, ಬಿಪಿ ಗುಳಿಗೆಯನ್ನು ಬಸುರಿ ಅಂತ ನೀವಾಗಿಯೇ ನಿಲ್ಲಿಸಬೇಡಿ. ಕೆಲವನ್ನು ಡಾಕ್ಟರ್ ಬದಲಿಸುತ್ತಾರೆ, ಥೈರಾಯ್ಡ್ ಡೋಸ್ ಎಷ್ಟೋ ಸಲ ಹೆಚ್ಚಿಸಬೇಕಾಗುತ್ತದೆ. ಮಿಸ್ರಿ ಹಚ್ಚುತ್ತೀಯಾ, ತಂಬಾಕು ಹಾಕುತ್ತೀಯಾ ಅಂತಲೂ ಕೇಳುತ್ತಾರೆ. ನಮ್ಮ ಕಡೆ ಹಲ್ಲಿಗೆ ಮಿಸ್ರಿ ಹಚ್ಚುವ ಹೆಣ್ಣುಮಕ್ಕಳು ಅದನ್ನು ತಂಬಾಕು ಅಂತಲೇ ಎಣಿಸುವುದಿಲ್ಲ, ಆದರೆ ಅದೂ ತಂಬಾಕೇ.

ಸಂಬಂಧದ ಮದುವೆ ಅಂದರೆ ಬೈಯುವುದಿಲ್ಲ. ಕಲಬುರಗಿಯಲ್ಲಿ ಕೂತು ಅದಕ್ಕೆ ಬೈಯುವ ಡಾಕ್ಟರ್‌ಗೆ ದಿನವಿಡೀ ಅದೇ ಕೆಲಸ ಆದೀತು. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಮನೆತನದಲ್ಲಿ ಹರಿದು ಬರುವ ಕೆಲವು ಕಾಯಿಲೆಗಳ ಸಾಧ್ಯತೆ ಸ್ವಲ್ಪ ಜಾಸ್ತಿ. ಅದಕ್ಕೇ ಕೇಳುವುದು. ಎರಡೂ ಮನೆ ಒಂದೇ ಆದ್ದರಿಂದ ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು, ಕಿವಿ ಕೇಳದವರು, ಪದೇ ಪದೇ ರಕ್ತ ಹಾಕಿಸಿಕೊಳ್ಳುವವರು ಇದ್ದಾರಾ ಅಂತ ಅತ್ತೆಯನ್ನೇ ಕೇಳಿಕೊಂಡು ಬಾ. ಥಲಸ್ಸೀಮಿಯಾ ಅಂತ ಮನೆತನದಲ್ಲಿ ಹರಿದು ಬರುವ ರಕ್ತದ ಕಾಯಿಲೆ ಇದೆ, ಅದಕ್ಕೆ ಒಂದು ರಕ್ತ ಪರೀಕ್ಷೆ ಬರೆಯಬಹುದು. 18ರಿಂದ 20 ವಾರದಲ್ಲಿ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಇರುತ್ತದೆ, ಅದನ್ನಂತೂ ತಪ್ಪಿಸಬೇಡ.

ಮಾತು ಮುಗಿದ ಮೇಲೆ ತೂಕ, ಎತ್ತರ, ಬಿಪಿ. ರೆಪ್ಪೆ ಎಳೆದು ಕಣ್ಣು ನೋಡುತ್ತಾರೆ, ನಾಲಿಗೆ, ಉಗುರು, ಕಾಲು ಬಾವು, ಗಂಟಲು ನೋಡುತ್ತಾರೆ. ಕೆಳಗಿನಿಂದ ಕೈಯಿಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಮಾಡುವುದಿಲ್ಲ. ರಕ್ತ ಹೋಗುತ್ತಿದ್ದರೆ, ನೋವಿದ್ದರೆ ಬೇಕಾಗಬಹುದು. ಮಾಡುವ ಮೊದಲು ನಿನ್ನನ್ನು ಕೇಳಬೇಕು. ಹೆಣ್ಣುಮಗಳು ಒಬ್ಬರು ಜೊತೆಗಿರಲಿ ಅಂತ ನೀನು ಹೇಳಬಹುದು. ಇವತ್ತು ಬೇಡ ಅಂತಲೂ ಹೇಳಬಹುದು.

ಚಿತ್ತಾಪುರ ಸೊಸೆ:

ಅಕ್ಕೋರೆ, ಅರ್ಧ ಭಾರ ಇಳಿಯಿತು. ರಕ್ತ ಪರೀಕ್ಷೆ ಎಷ್ಟು ಇರುತ್ತದೆ? ಸೂಜಿ ಅಂದರೆ ನನಗೆ ಮೊದಲೇ ಆಗುವುದಿಲ್ಲ.

ಸೇಡಂ ರೋಡ್:

ಸೂಜಿ ಒಂದೇ ಸಲ ಚುಚ್ಚುತ್ತಾರೆ, ಶೀಶೆ ಮಾತ್ರ ಮೂರ್ನಾಲ್ಕು ತುಂಬುತ್ತಾರೆ. ನನಗೆ ಕಳೆದ ವರ್ಷ ಮಗುವಾಯಿತು, ಹಾಗಾಗಿ ಪಟ್ಟಿ ಇನ್ನೂ ಬಾಯಲ್ಲಿದೆ. ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್. ಮೂತ್ರದಲ್ಲಿ ಆಲ್ಬುಮಿನ್ ಮತ್ತು ಸಕ್ಕರೆ. ನನಗೆ ಥೈರಾಯ್ಡ್ ಸಹ ಬರೆದಿದ್ದರು. ಎಚ್‌ಐವಿ ಹೆಸರು ಕಂಡು ನಮ್ಮವರ ಮುಖ ಕೆಂಪಾಯಿತು, ನಮ್ಮ ಮೇಲೆ ಅನುಮಾನ ಪಡುತ್ತಾರಾ ಅಂತ. ಅನುಮಾನ ಅಲ್ಲ, ಎಲ್ಲ ಬಸುರಿಯರಿಗೂ ಮಾಡುತ್ತಾರೆ. ಮೊದಲೇ ಗೊತ್ತಾದರೆ ಔಷಧಿ ಕೊಟ್ಟು ಮಗುವಿಗೆ ಹೋಗದಂತೆ ತಡೆಯಬಹುದು.

ರಕ್ತದ ಗುಂಪಿನ ವಿಷಯ ಹಗುರ ಮಾಡಬೇಡಿ. ನನ್ನದು ನೆಗೆಟಿವ್, ನಮ್ಮವರದು ಪಾಸಿಟಿವ್. ಅಂಥವರಿಗೆ ತಾಯಿಯ ಮೈ ಮಗುವಿನ ರಕ್ತದ ವಿರುದ್ಧ ತಿರುಗದಂತೆ ಸುಮಾರು 28 ವಾರಕ್ಕೆ ಆಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಂದು. ನಡುವೆ ರಕ್ತ ಹೋದರೂ ಕೂಡಲೇ ತಿಳಿಸಬೇಕು. ಗಂಡನ ಗುಂಪು ಗೊತ್ತಿಲ್ಲದಿದ್ದರೆ ಅವತ್ತೇ ಅವರದೂ ನೋಡಿಸಿಬಿಡಿ.

ಜೇವರ್ಗಿ ಅಪ್ಪ:

ಗಂಡಸರ ಕಡೆಯಿಂದ ಒಂದು ಮಾತು. ಮೊದಲ ಭೇಟಿಗೆ ಗಂಡ ಹೋಗಲೇಬೇಕು. ಹೊರಗೆ ಗಾಡಿ ನಿಲ್ಲಿಸಿ ಚಹಾ ಅಂಗಡಿಯಲ್ಲಿ ಕೂರುವುದಕ್ಕಲ್ಲ, ಒಳಗೆ. ನಮ್ಮವಳಿಗೆ ಡಾಕ್ಟರ್ ಹೇಳಿದ್ದರಲ್ಲಿ ಅರ್ಧ ಗಾಬರಿಯಲ್ಲಿ ಕೇಳಿಸಿರಲಿಲ್ಲ, ನಾನು ಮೊಬೈಲ್‌ನಲ್ಲಿ ಬರೆದುಕೊಂಡಿದ್ದಕ್ಕೆ ಉಳಿಯಿತು.

ಬೀದರ್ ಬಾಯಿಬಡುಕಿ:

ಅಣ್ಣಾ, ಸರ್ಕಾರಿ ದವಾಖಾನೆಯಲ್ಲಿ ಎಷ್ಟೋ ಕಡೆ ಗಂಡಸರನ್ನು ಒಪಿಡಿ ಬಾಗಿಲು ದಾಟಲು ಬಿಡುವುದಿಲ್ಲ. ಒಳಗೆ ಇನ್ನೂ ನಾಲ್ಕು ಹೆಣ್ಣುಮಕ್ಕಳು ಇರುತ್ತಾರೆ, ಬಿಡದೆ ಇರುವುದೇ ಸರಿ. ಅಕ್ಕನೋ ವೈನಿಯೋ ಬಂದರೆ ಸಾಕು.

ಜೇವರ್ಗಿ ಅಪ್ಪ:

ಬಿಡದಿದ್ದರೆ ಬಿಡದಿರಲಿ. ಕೊನೆಗೆ ಚೀಟಿ ಹಿಡಿದು ಸಿಸ್ಟರ್ ಹತ್ತಿರ ಎರಡು ನಿಮಿಷ ಕೇಳಬಹುದಲ್ಲ. ಗಂಡನಿಗೆ ಏನೂ ಗೊತ್ತಾಗದಿದ್ದರೆ ಮನೆಗೆ ಬಂದ ಮೇಲೆ ಗುಳಿಗೆ ತಂದು ಕೊಡುವವರು ಯಾರು?

ಹೆಸರು ಬೇಡ:

ಇಲ್ಲಿ ಎಲ್ಲರೂ ಯಾರನ್ನು ಕರೆದುಕೊಂಡು ಹೋಗಬೇಕು ಅಂತ ಹೇಳುತ್ತಿದ್ದೀರಿ. ನನ್ನದು ಉಲ್ಟಾ ಪ್ರಶ್ನೆ. ನನಗೆ ಮದುವೆಗೆ ಮುಂಚೆ ಒಮ್ಮೆ ಗರ್ಭ ಹೋಗಿತ್ತು. ಗಂಡನಿಗೂ ಗೊತ್ತಿಲ್ಲ, ಅತ್ತೆಗಂತೂ ಕೇಳಲೇಬೇಡಿ. ಈಗ ಹೋದರೆ ಅತ್ತೆ ಪಕ್ಕದಲ್ಲೇ ನಿಂತಿರುತ್ತಾರೆ. ಡಾಕ್ಟರ್ ಕೇಳಿದಾಗ ಇಲ್ಲ ಅಂದರೆ ಏನಾಗುತ್ತದೆ?

ಸಿಸ್ಟರ್ ಅಕ್ಕ:

ಇಲ್ಲ ಅನ್ನಬೇಡ ತಂಗಿ. ಹಿಂದೆ ಗರ್ಭ ಹೋಗಿದ್ದು, ಮಾತ್ರೆಯಿಂದ ಹೋಯಿತಾ, ಚೀಲ ಸ್ವಚ್ಛ ಮಾಡಿಸಿದರಾ, ಎಷ್ಟು ತಿಂಗಳಲ್ಲಿ, ಇವೆಲ್ಲ ಡಾಕ್ಟರ್‌ಗೆ ಗೊತ್ತಿರಬೇಕು. ನೀನು ನೆಗೆಟಿವ್ ಗುಂಪಿನವಳಾಗಿದ್ದರೆ ಇನ್ನೂ ಮುಖ್ಯ.

ದಾರಿ ಇದೆ. ತೂಕ, ಬಿಪಿ ನೋಡುವ ಟೇಬಲ್ ಹತ್ತಿರ ಸಿಸ್ಟರ್ ಕಿವಿಯಲ್ಲಿ, ನನಗೆ ಮೇಡಂ ಹತ್ತಿರ ಒಬ್ಬಳೇ ಮಾತಾಡಬೇಕು ಅಂತ ಹೇಳು. ಅಷ್ಟು ಸಾಕು. ನಾವೇ ಅತ್ತೆಯನ್ನು ಚೀಟಿ ಮಾಡಿಸಲೋ, ಲ್ಯಾಬ್ ಕೌಂಟರ್‌ಗೋ ಕಳಿಸುತ್ತೇವೆ. ಇಲ್ಲವೇ ಪರದೆ ಎಳೆದು ಹೊಟ್ಟೆ ನೋಡುವಾಗ ಡಾಕ್ಟರ್ ಮತ್ತು ನೀನು ಇಬ್ಬರೇ ಇರುತ್ತೀರಿ, ಆಗ ಹೇಳು. ಮನೆಯವರು ಓದುವ ಚೀಟಿಯಲ್ಲಿ ಬರೆಯಬೇಡಿ ಅಂತಲೂ ಕೇಳಿಕೋ. ರೋಗಿಯ ಗುಟ್ಟು ಕಾಯುವುದು ಡಾಕ್ಟರ್ ಕರ್ತವ್ಯ, ಉಪಕಾರ ಅಲ್ಲ.

ಇದು ನಿನಗೊಬ್ಬಳಿಗೇ ಅಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದವರು, ಮಗು ಈಗ ಬೇಡ ಅನ್ನಿಸಿದವರು, ಹಳೇ ಕಾಯಿಲೆ ಮುಚ್ಚಿಟ್ಟು ಮದುವೆಯಾದವರು, ಎಲ್ಲರಿಗೂ ಆ ಐದು ನಿಮಿಷ ಒಬ್ಬರೇ ಬೇಕು. ಜೇವರ್ಗಿ ಅಣ್ಣಾವ್ರೇ, ಗಂಡ ಬರಬೇಕು, ಸರಿ. ಆದರೆ ಆ ಐದು ನಿಮಿಷ ಹೊರಗೆ ನಿಲ್ಲಬೇಕು.

ಜೇವರ್ಗಿ ಅಪ್ಪ:

ಒಪ್ಪಿದೆ ಅಕ್ಕೋರೆ.

ಶಹಾಪುರ ಟು ಬೆಂಗಳೂರು:

ನಾವು ಯಾದಗಿರಿ ಜಿಲ್ಲೆಯವರು, ಗಾರೆ ಕೆಲಸಕ್ಕೆ ಬೆಂಗಳೂರಿಗೆ ಬಂದವರು. ನಮ್ಮಂಥವರ ಗೋಳು ಬೇರೆ. ಮೊದಲ ತಿಂಗಳು ಇಲ್ಲಿ, ಬಾಣಂತನಕ್ಕೆ ತವರಿಗೆ, ನಡುವೆ ಕೆಲಸ ಎಲ್ಲಿ ಸಿಕ್ಕರೆ ಅಲ್ಲಿ. ಹೋದ ದವಾಖಾನೆಯಲ್ಲೆಲ್ಲ ಮೊದಲಿನಿಂದ ಕೇಳುತ್ತಾರೆ. ಇಂಥವರು ತಾಯಿ ಕಾರ್ಡ್ ಮೊದಲು ಮಾಡಿಸಿಕೊಳ್ಳಿ. ಅದರಲ್ಲಿ ನಂಬರ್ ಇರುತ್ತದೆ, ಯಾವ ಊರಿಗೆ ಹೋದರೂ ಅದನ್ನೇ ತೋರಿಸಿದರೆ ಹಿಂದಿನ ಬಿಪಿ, ತೂಕ, ರಕ್ತ, ಹಾಕಿದ ಇಂಜೆಕ್ಷನ್ ಎಲ್ಲ ಬರೆದಿರುತ್ತದೆ. ಎರಡೂ ಬದಿ ಮೊಬೈಲ್‌ನಲ್ಲಿ ಫೋಟೊ ಹೊಡೆದು ಇಟ್ಟುಕೊಳ್ಳಿ. ಶೆಡ್ಡಿನಲ್ಲಿ ಮಳೆ ಬಂದರೆ ಕಾಗದ ಉಳಿಯುವುದಿಲ್ಲ.

ಆಳಂದ ಅಂಗನವಾಡಿ:

ತಾಯಿ ಕಾರ್ಡ್ ಬಗ್ಗೆ ನಾನು ಸೇರಿಸುತ್ತೇನೆ. ಖಾಸಗಿ ದವಾಖಾನೆಗೆ ತೋರಿಸುವವರೂ ಮಾಡಿಸಬೇಕು. ನಾವು ಪ್ರೈವೇಟ್, ನಮಗ್ಯಾಕೆ ಅನ್ನುವವರು ಆಮೇಲೆ ಏಳನೇ ತಿಂಗಳಲ್ಲಿ ಓಡಿ ಬರುತ್ತಾರೆ. ಆಶಾ ಅಥವಾ ಪಿಎಚ್‌ಸಿ ಸಿಸ್ಟರ್ ಹತ್ತಿರ ನಿಮ್ಮ ಮತ್ತು ಗಂಡನ ಆಧಾರ್, ನಿಮ್ಮ ಹೆಸರಿನ ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಮೊಬೈಲ್ ನಂಬರ್ ತೆಗೆದುಕೊಂಡು ಹೋಗಿ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಹೆಸರು, ವಿಳಾಸ ಬದಲಿಸಿರುವುದಿಲ್ಲ, ಪಾಸ್‌ಬುಕ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ದುಡ್ಡು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಯಾವ ದುಡ್ಡು ಅಂದರೆ, ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000 ರೂಪಾಯಿ, ಎರಡು ಕಂತು. ಹೆಸರು ಬರೆಸಿ ಒಂದು ತಪಾಸಣೆ ಆದ ಮೇಲೆ 3000, ಮಗು ಹುಟ್ಟಿ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆ ಆದ ಮೇಲೆ 2000. ಎರಡನೇದು ಹೆಣ್ಣುಮಗುವಾದರೆ 6000. ಸರ್ಕಾರಿ ನೌಕರಿಯವರಿಗೆ ಇಲ್ಲ, ಬಿಪಿಎಲ್ ಕಾರ್ಡ್‌ನಂಥ ದಾಖಲೆ ಕೇಳುತ್ತಾರೆ. ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿ ಊಟವೂ ಇದೆ, 2017ರಿಂದ. ನಾಚಿಕೊಂಡು ಬರುವುದಿಲ್ಲ ಕೆಲವರು. ಮೊಟ್ಟೆ ನಿಮ್ಮದೇ, ಬಂದು ತಿನ್ನಿ.

ಇನ್ನೊಂದು. ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರ್‌ ತಪಾಸಣೆ ಉಚಿತ ಇರುತ್ತದೆ, 2016ರಿಂದ ನಡೆಯುತ್ತಿದೆ. ಅವತ್ತು ಭಾನುವಾರ ಅಥವಾ ರಜೆ ಬಂದರೆ ಮುಂದಿನ ಕೆಲಸದ ದಿನ. ಆದರೆ ನಾಲ್ಕನೇ ತಿಂಗಳಿನಿಂದಾಚೆಯವರ ಗದ್ದಲ ಅವತ್ತು ಜಾಸ್ತಿ. ಮೊದಲ ಸಲ, ನಿಧಾನವಾಗಿ ಮಾತಾಡಬೇಕು ಅನ್ನುವವರು ಬೇರೆ ದಿನ ಹೋಗಿ.

ಬೀದರ್ ಬಾಯಿಬಡುಕಿ:

ಪ್ರೈವೇಟ್‌ಗೆ ಹೋಗುವವರು ಮೊದಲು ಫೋನ್ ಮಾಡಿ ಕೇಳಿ. ಡಾಕ್ಟರ್ ಫೀ ಬೇರೆ, ರಕ್ತ ಬೇರೆ, ಸ್ಕ್ಯಾನ್ ಬೇರೆ. ಒಂದು ಕಡೆ ನನಗೆ ಎಲ್ಲ ಸೇರಿ ಪ್ಯಾಕೇಜ್ ಅಂದರು, ಕೊನೆಗೆ ನೋಡಿದರೆ ಬೇಡದ್ದೂ ನಾಲ್ಕು ಪರೀಕ್ಷೆ ಸೇರಿತ್ತು. ಯಾಕೆ ಅಂತ ಕೇಳಿ, ಕೇಳುವುದಕ್ಕೆ ದುಡ್ಡಿಲ್ಲ. ಸರ್ಕಾರಿಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ ಎಲ್ಲ ಉಚಿತ. ನಮ್ಮ ಬೀದರ್‌ನಲ್ಲಿ ಬ್ರಿಮ್ಸ್, ಕಲಬುರಗಿಯಲ್ಲಿ ಜಿಮ್ಸ್, ಯಾದಗಿರಿಯಲ್ಲೂ ಈಗ ಮೆಡಿಕಲ್ ಕಾಲೇಜು ಇದೆ. ಸುಮ್ನೆ ಹೈದರಾಬಾದ್, ಸೊಲ್ಲಾಪುರ ಅಂತ ಮೊದಲ ತಪಾಸಣೆಗೇ ಓಡಬೇಡಿ. ತೊಂದರೆ ಇದ್ದರೆ ಅವರೇ ಕಳಿಸುತ್ತಾರೆ.

ಚಿತ್ತಾಪುರ ಸೊಸೆ:

ಸ್ಕ್ಯಾನ್ ಬಗ್ಗೆ ಯಾರೂ ಹೇಳಲಿಲ್ಲ.

ಸೇಡಂ ರೋಡ್:

ನಾನು ಹೇಳುತ್ತೇನೆ. ಗೆರೆ ಕಂಡ ಮರುದಿನವೇ ಸ್ಕ್ಯಾನ್‌ಗೆ ಓಡಬೇಡ. ಐದನೇ ವಾರದ ಹೊತ್ತಿಗೆ ಮಗು ಬೆಳೆಯುವ ನೀರಿನ ಚೀಲ ಮಾತ್ರ ಕಾಣಬಹುದು, ಮಗುವಿನ ಎದೆಬಡಿತ ಸಾಮಾನ್ಯವಾಗಿ ಆರನೇ ವಾರದಿಂದ ಆಚೆಗೆ. ಬೇಗ ಹೋದವರಿಗೆ ಇನ್ನೂ ಕಾಣಿಸುತ್ತಿಲ್ಲ, ಹತ್ತು ಹದಿನೈದು ದಿನ ಬಿಟ್ಟು ಬನ್ನಿ ಅನ್ನುತ್ತಾರೆ. ಆ ಹದಿನೈದು ದಿನ ಮನೆಮಂದಿಯೆಲ್ಲ ನಿದ್ದೆಗೆಡುತ್ತಾರೆ. ತಾರೀಕು ಸರಿಯಾಗಿ ಗೊತ್ತಿದ್ದು, ನೋವಿಲ್ಲ, ರಕ್ತ ಹೋಗಿಲ್ಲ ಅಂದರೆ ಒಂದೆರಡು ವಾರ ಬಿಟ್ಟು ಬಾ ಅಂತ ಹೇಳುವ ಡಾಕ್ಟರ್ ಕೆಲಸಗಳ್ಳರಲ್ಲ.

ಹೊಟ್ಟೆ ಮೇಲಿನ ಸ್ಕ್ಯಾನ್ ಆದರೆ ನೀರು ಕುಡಿದು ಮೂತ್ರ ತುಂಬಿಕೊಂಡು ಕೂರಬೇಕು. ಪಾಳಿಯಲ್ಲಿ ಕೂತು ಒದ್ದಾಡುವುದು ಇರುತ್ತದಲ್ಲ, ಅದೇ ಕಷ್ಟ. ಕೆಳಗಿನಿಂದ ಮಾಡುವುದಾದರೆ ಮೂತ್ರ ಮಾಡಿಯೇ ಬರಬೇಕು. ಅದರ ಕಡ್ಡಿ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಮೇಲೆ ಹೊಸ ಕವರ್ ಹಾಕಿ ಜೆಲ್ ಹಚ್ಚುತ್ತಾರೆ. ನೋವಿಲ್ಲ, ಮುಜುಗರ ಇದೆ. ಮಗುವಿಗೆ ಏನೂ ಆಗುವುದಿಲ್ಲ. ಆಮೇಲೆ 11ರಿಂದ 13 ವಾರದ ನಡುವೆ ಇನ್ನೊಂದು ಸ್ಕ್ಯಾನ್, ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯಲು. ಆಧಾರ್ ತೆಗೆದುಕೊಂಡು ಹೋಗು, ಒಂದು ಫಾರಂಗೆ ಸಹಿ ಹಾಕಿಸುತ್ತಾರೆ.

ಹೊಸ ಸದಸ್ಯ:

[ಈ ಪ್ರತಿಕ್ರಿಯೆಯನ್ನು ತೆಗೆಯಲಾಗಿದೆ]

ಸಿಸ್ಟರ್ ಅಕ್ಕ:

ತೆಗೆದದ್ದು ಒಳ್ಳೆಯದಾಯಿತು. ಗಂಡೋ ಹೆಣ್ಣೋ ಯಾವ ಸೆಂಟರ್‌ನಲ್ಲಿ ಹೇಳುತ್ತಾರೆ ಅಂತ ಕೇಳುವವರಿಗೆ ಒಂದೇ ಮಾತು. 1994ರ ಕಾಯಿದೆ ಪ್ರಕಾರ ಹೇಳುವವರೂ ಜೈಲಿಗೆ, ಕೇಳಿಸುವ ಮನೆಯವರೂ ಜೈಲಿಗೆ. ಆ ಫಾರಂಗೆ ಸಹಿ ಹಾಕಿಸುವುದೂ ಅದಕ್ಕೇ. ಮತ್ತೆ ಇಲ್ಲಿ ಕೇಳಬೇಡಿ.

ಭಾಲ್ಕಿ ಅತ್ತೆ:

ನಾನು ಅತ್ತೆಯೇ. ಇಲ್ಲಿ ಅತ್ತೆಯರ ಮೇಲೇ ಎಲ್ಲ ಬರುತ್ತಿದೆ, ನಾನೂ ಒಂದು ಹೇಳುತ್ತೇನೆ. ನಾವು ಮೂರು ತಿಂಗಳು ಹೇಳಬೇಡ ಅನ್ನುವುದು ಸುಮ್ನೆ ಅಲ್ಲ. ನಮ್ಮ ಕಾಲದಲ್ಲಿ ಹೇಳಿದ ಮೇಲೆ ನಿಲ್ಲದೆ ಹೋದರೆ ಊರೆಲ್ಲ ಬಂದು ಸೊಸೆಯನ್ನೇ ಏನು ತಿಂದಿ, ಎಲ್ಲಿ ಹೋಗಿದ್ದಿ ಅಂತ ಕೇಳುತ್ತಿತ್ತು. ಅದರಿಂದ ಕಾಪಾಡಲು ಹೇಳುತ್ತಿದ್ದೆವು. ದವಾಖಾನೆಗೆ ಬೇಡ ಅನ್ನುವುದು ತಪ್ಪು, ಅದನ್ನು ಒಪ್ಪುತ್ತೇನೆ. ಆದರೆ ಪಪ್ಪಾಯಿ, ಎಳ್ಳು ಬೇಡ ಅನ್ನುವುದು ಸರಿಯೇ ಅಲ್ವಾ?

ಸಿಸ್ಟರ್ ಅಕ್ಕ:

ಅತ್ತೆಮ್ಮಾ, ನಿಮ್ಮ ಮೊದಲ ಮಾತು ನೂರಕ್ಕೆ ನೂರು. ಪಪ್ಪಾಯಿ ಕಾಯಿ, ಅರೆಹಣ್ಣು ಬೇಡ, ಅದರಲ್ಲಿ ಹಾಲು ಇರುತ್ತದೆ. ಪೂರ್ತಿ ಹಣ್ಣಾದದ್ದು ತಿಂದರೆ ಏನೂ ಆಗುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ಎಲ್ಲರೂ ಉಣ್ಣುವಾಗ ಬಸುರಿಯನ್ನು ಬಿಟ್ಟು ಉಣ್ಣಬೇಡಿ. ಊಟದಲ್ಲಿ ಹಾಕುವ ಎಳ್ಳಿಗೆ ಗರ್ಭ ಹೋಗುವುದಿಲ್ಲ. ನನಗೆ ಚಿಂತೆ ಇರುವುದು ಬೇರೆ ತಿನ್ನುವುದರ ಮೇಲೆ. ಮಣ್ಣು, ಬೂದಿ, ಬಳಪ, ಹಸಿ ಅಕ್ಕಿ ತಿನ್ನಬೇಕು ಅನ್ನಿಸಿದರೆ ಬಯಕೆ ಅಂತ ನಗಬೇಡಿ, ಡಾಕ್ಟರ್‌ಗೆ ಹೇಳಿ. ಮೈಯಲ್ಲಿ ಕಬ್ಬಿಣಾಂಶ ಇಳಿದಾಗ ಹಾಗೆ ಆಗುತ್ತದೆ.

ಬಸುರಿಯರಿಗೆ ಹಿಮೋಗ್ಲೋಬಿನ್ 11 ಇರಬೇಕು, 7ಕ್ಕಿಂತ ಕೆಳಗೆ ಹೋದರೆ ಅಪಾಯ, ದಾಖಲಾಗಬೇಕು. ನಮ್ಮ ಕಡೆ ಇದೇ ದೊಡ್ಡ ತಲೆನೋವು. ಪುಂಡಿಪಲ್ಯ, ತೊಗರಿ ಬೇಳೆ, ಶೇಂಗಾ, ಬೆಲ್ಲ ಎಲ್ಲ ಒಳ್ಳೆಯದೇ, ತಿನ್ನಿ. ಆದರೆ 8 ಇದ್ದವರು ಪಲ್ಯ ನಂಬಿ ಕೂರುವಂತಿಲ್ಲ. ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್, ಆಮೇಲೆ ಕೆಂಪು ಕಬ್ಬಿಣದ ಗುಳಿಗೆ ದಿನಾ ಒಂದು, ಕನಿಷ್ಠ 180 ದಿನ. ರಕ್ತ ಕಡಿಮೆ ಇದ್ದರೆ ಡಾಕ್ಟರ್ ಜಾಸ್ತಿ ಕೊಡುತ್ತಾರೆ. ಕ್ಯಾಲ್ಸಿಯಂ ಗುಳಿಗೆಯ ಜೊತೆ ನುಂಗಬೇಡಿ, ಚಹಾ ಜೊತೆಯಂತೂ ಬೇಡವೇ ಬೇಡ, ನಡುವೆ ಒಂದೆರಡು ಗಂಟೆ ಬಿಡಿ. ನಿಂಬೆ ಪಾನಕದ ಜೊತೆ ನುಂಗಿದರೆ ಮೈಗೆ ಹತ್ತುತ್ತದೆ. ಕಪ್ಪಗೆ ಮಲ ಹೋಗುತ್ತದೆ, ಅದಕ್ಕೆ ಹೆದರಿ ಗುಳಿಗೆಯನ್ನು ಕಸದ ಬುಟ್ಟಿಗೆ ಹಾಕುವವರೇ ಜಾಸ್ತಿ.

ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಇಂಜೆಕ್ಷನ್ ಮೊದಲ ಭೇಟಿಯಲ್ಲೇ ಒಂದು ಹಾಕಬಹುದು, ನಾಲ್ಕು ವಾರ ಬಿಟ್ಟು ಇನ್ನೊಂದು. ಮೊದಲು ಟಿಟಿ ಅನ್ನುತ್ತಿದ್ದರಲ್ಲ, ಅದರ ಜಾಗಕ್ಕೆ ಬಂದದ್ದು. ಮೂರು ವರ್ಷದೊಳಗೆ ಹಿಂದಿನ ಬಸುರಿನಲ್ಲಿ ಎರಡೂ ಹಾಕಿಸಿಕೊಂಡಿದ್ದರೆ ಒಂದೇ ಸಾಕು.

ಚಿತ್ತಾಪುರ ಸೊಸೆ:

ಹೋಗಿ ಬಂದೆ ಅಕ್ಕಂದಿರೇ. ಅತ್ತೆಗೆ ಭಾಲ್ಕಿ ಅತ್ತೆಯವರು ಬರೆದದ್ದನ್ನೇ ಓದಿ ಹೇಳಿದೆ. ಒಂದು ಮಾತೂ ಆಡಲಿಲ್ಲ, ಎದ್ದು ಸೀರೆ ಬದಲಿಸಿ ನಾನೇ ಬರುತ್ತೇನೆ ಅಂದರು! ನಮ್ಮವರೂ ಬಂದರು. ಇಬ್ಬರದೂ ಬಸ್ ಟಿಕೆಟ್ ಆಧಾರ್ ಮೇಲೆ ಫ್ರೀ, ನಮ್ಮವರದು ಒಂದೇ ದುಡ್ಡು. ಡಾಕ್ಟರ್ ಮೇಡಂ ಸಂಬಂಧದ ಮದುವೆಯಾ ಅಂತ ಕೇಳಿ, ಹೂಂ ಅಂದ ಕೂಡಲೇ ಅತ್ತೆಯ ಕಡೆ ತಿರುಗಿ ನಿಮ್ಮ ಎರಡೂ ಮನೆಯಲ್ಲಿ ಯಾರಿಗೆ ಏನೇನಿತ್ತು ಹೇಳಿ ಅಂದರು. ಅತ್ತೆ ನಮ್ಮ ಮುತ್ತಜ್ಜನಿಂದ ಶುರು ಮಾಡಿದರು, ಮೇಡಂ ನಗುತ್ತಾ ಬರೆದುಕೊಂಡರು. ನನಗೆ ಗೊತ್ತೇ ಇರದ ಒಂದು ಸುದ್ದಿ ಹೊರಬಂತು, ಅತ್ತೆಯ ಇನ್ನೊಬ್ಬ ತಮ್ಮನ ಒಂದು ಮಗು ವರ್ಷ ತುಂಬುವ ಮೊದಲೇ ರಕ್ತ ಇಲ್ಲದೆ ಹೋಗಿತ್ತಂತೆ. ಅದಕ್ಕೇ ನನಗೆ ಮತ್ತು ನಮ್ಮವರಿಗೆ ಇಬ್ಬರಿಗೂ ಥಲಸ್ಸೀಮಿಯಾ ಪರೀಕ್ಷೆ ಬರೆದಿದ್ದಾರೆ. ಹಿಮೋಗ್ಲೋಬಿನ್ 9.4. ಸ್ಕ್ಯಾನ್ ಎರಡು ವಾರ ಬಿಟ್ಟು.

ಒಂದು ಅನುಮಾನ. ನಿನ್ನೆಯಿಂದ ಕೆಳಹೊಟ್ಟೆ ಸ್ವಲ್ಪ ಎಳೆದಂತೆ ಆಗುತ್ತಿದೆ. ಮುಟ್ಟಿನ ಮೊದಲು ಆಗುವ ಹಾಗೆ. ಮತ್ತೆ ಹೋಗಬೇಕಾ?

ಸಿಸ್ಟರ್ ಅಕ್ಕ:

ಬಂದು ಹೋಗುವ ಸಣ್ಣ ಎಳೆತ ಈ ಹೊತ್ತಿನಲ್ಲಿ ಎಷ್ಟೋ ಜನರಿಗೆ ಇರುತ್ತದೆ. ಮೇಡಂ ಕೊಟ್ಟ ನಂಬರ್‌ಗೆ ಫೋನ್ ಮಾಡಿ ಒಮ್ಮೆ ಹೇಳಿಬಿಡು. ಆದರೆ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡ. ರಕ್ತ ಹೋಗುವುದು. ಒಂದೇ ಬದಿಗೆ ತಡೆಯಲಾಗದ ನೋವು. ಭುಜದ ತುದಿಗೆ ನೋವು. ತಲೆ ಸುತ್ತಿ ಬೀಳುವುದು. ಗರ್ಭ ಚೀಲದ ಹೊರಗೆ ನಳದಲ್ಲಿ ನಿಂತು ಅದು ಒಡೆದರೆ ಹೀಗಾಗುತ್ತದೆ, ಹೊರಗೆ ರಕ್ತ ಕಡಿಮೆ ಕಂಡರೂ ಒಳಗೆ ಹರಿಯುತ್ತಿರುತ್ತದೆ, ಜೀವಕ್ಕೇ ಅಪಾಯ. 108ಕ್ಕೆ ಫೋನ್ ಮಾಡಿ. ನಿನಗೆ ಇನ್ನೂ ಸ್ಕ್ಯಾನ್ ಆಗಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಕುಡಿದ ನೀರೂ ನಿಲ್ಲದಷ್ಟು ವಾಂತಿ, ದಿನವಿಡೀ ಮೂತ್ರ ಕಡಿಮೆ, ಜ್ವರ, ಉರಿಮೂತ್ರ, ಇವಕ್ಕೂ ಅವತ್ತೇ ಹೋಗಬೇಕು. ನಮ್ಮ ಬಿಸಿಲಿಗೆ ನೀರು ಬತ್ತುವುದು ಬೇಗ.

ದರ್ಗಾ ರೋಡ್:

ಸಿಸ್ಟರ್ ಆಪಾ, ನನ್ನದೂ ಒಂದು. ನಾಳೆ ಸಕ್ಕರೆ ಪರೀಕ್ಷೆಗೆ ಗ್ಲೂಕೋಸ್ ನೀರು ಕುಡಿಸುತ್ತಾರಂತೆ. ನನಗೆ ಬೆಳಗ್ಗೆ ಚಹಾದ ವಾಸನೆಗೇ ವಾಂತಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಕುಡಿದದ್ದು ಹೊರಬಂದರೆ?

ಸಿಸ್ಟರ್ ಅಕ್ಕ:

ಸರ್ಕಾರಿ ಆಸ್ಪತ್ರೆಯಲ್ಲಿ ಮಾಡುವ ವಿಧಾನಕ್ಕೆ ಖಾಲಿ ಹೊಟ್ಟೆ ಬೇಕಾಗಿಲ್ಲ. ಸ್ವಲ್ಪ ತಿಂದು ಹೋದರೂ ನಡೆಯುತ್ತದೆ. ಖಾಸಗಿ ಲ್ಯಾಬ್ ಆದರೆ ಇವತ್ತೇ ಫೋನ್ ಮಾಡಿ ಕೇಳು, ಕೆಲವರು ಖಾಲಿ ಹೊಟ್ಟೆಯದೂ ನೋಡುತ್ತಾರೆ. 75 ಗ್ರಾಂ ಗ್ಲೂಕೋಸ್ ಒಂದು ದೊಡ್ಡ ಲೋಟ ನೀರಿನಲ್ಲಿ ಕದಡಿ ಕೊಡುತ್ತಾರೆ. ಗಟಗಟ ಬೇಡ, ಐದು ಹತ್ತು ನಿಮಿಷದಲ್ಲಿ ಗುಟುಕು ಗುಟುಕಾಗಿ ಮುಗಿಸು. ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ದಿನದ ಪರೀಕ್ಷೆ ಲೆಕ್ಕಕ್ಕಿಲ್ಲ, ಮರುದಿನ ಮತ್ತೆ. ಅರ್ಧ ಗಂಟೆ ದಾಟಿದ ಮೇಲೆ ಆದರೆ ಮುಂದುವರಿಸುತ್ತಾರೆ. ಎರಡು ಗಂಟೆಗೆ ಸರಿಯಾಗಿ ರಕ್ತ ತೆಗೆಯುತ್ತಾರೆ, 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಊಟದ ಪಥ್ಯದಿಂದ ಶುರು. ಈಗ ಸರಿ ಬಂದರೂ 24ರಿಂದ 28 ವಾರದಲ್ಲಿ ಮತ್ತೊಮ್ಮೆ ಮಾಡಿಸಬೇಕು.

ಆ ಎರಡು ಗಂಟೆ ಅಲ್ಲೇ ಕೂತಿರು. ಹೇಗೂ ಟೈಮ್ ಇದೆ, ಸೂಪರ್ ಮಾರ್ಕೆಟ್‌ಗೆ ಹೋಗಿ ಬರೋಣ ಅಂತ ಎದ್ದು ಹೋದವರು ಮೂರು ಗಂಟೆ ಬಿಟ್ಟು ಬರುತ್ತಾರೆ, ಲ್ಯಾಬ್‌ನವರು ನಾಳೆ ಬನ್ನಿ ಅಂತ ವಾಪಸ್ ಕಳಿಸುತ್ತಾರೆ.